ಐದು ಪೌಂಡು

ಬೆಳಗಿನ ಐದೂಕಾಲು. ಕಿಟಕಿಯಾಚೆ ನೆಬ್ರಾಸ್ಕದ ಹಿಮ,
ಒಳಗೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು.

ಕೋಚ್ ಹೋಲ್ಕಂ ಟೇಪು ಹಿಡಿದು
ವೊಯ್ಟೆಕನ ತೊಡೆ ಅಳೆಯುತ್ತಾನೆ, ದರ್ಜಿಯಂತೆ.
ಎಡದ್ದು ಇಪ್ಪತ್ತೇಳು ಇಂಚು.
ಬಲದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ,
ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಾನೆ.

ಆಗಸ್ಟಿನಲ್ಲಿ ಐನೂರು ಪೌಂಡು ಹೊತ್ತು
ಕೂತು ಎದ್ದ ಕಾಲು ಇದು.
ಈಗ ಕಣಕಾಲಿಗೆ ಐದರ ಮರಳುಚೀಲ.
ಎತ್ತು, ಅನ್ನುತ್ತಾನೆ ತೊಡೆಗೆ,
ಹಟಮಾರಿ ಕರುವಿಗೆ ಅಂದ ಹಾಗೆ.
ಅದು ಯೋಚಿಸುತ್ತದೆ.
ನಡುಗುತ್ತದೆ.

ಅಷ್ಟರಲ್ಲಿ ಮಲಾಕೈ ಬಂದು ಪಕ್ಕದಲ್ಲಿ ಕೂರುತ್ತಾನೆ:
ಅಕ್ಟೋಬರಿನ ಆಟದಲ್ಲಿ ಆಯತಪ್ಪಿ
ಅದೇ ಮಂಡಿಯ ಮೇಲೆ ಬಿದ್ದವನು,
ಸ್ವಂತ ತಂಡದವನೇ, ಮುನ್ನೂರ ಹತ್ತು ಪೌಂಡಿನವನು.
ಮಾತಿಲ್ಲ.
ಹಿಮ್ಮಡಿಯಡಿ ಟವೆಲ್ ಮಡಚಿಟ್ಟು
ಎಣಿಸತೊಡಗುತ್ತಾನೆ, ತನ್ನ ಟೋಂಗಾ ಮಾತಿನಲ್ಲಿ:
ತಹಾ. ಉಅ. ತೊಲು.

ಮೂರಕ್ಕೆ ಹಿಮ್ಮಡಿ ಟವೆಲ್ ಬಿಟ್ಟೇಳುತ್ತದೆ,
ನಡುವೆ ಬೆರಳು ತೂರುವಷ್ಟು.