ಬಂಗಡೆಗಲ್ಲ, ಕಬಡ್ಡಿಗೆ

ಮೊದಲ ದಿನ ನಾಗೇಕರ ಸರ್ ಹೇಳಿದ್ದು ಇಷ್ಟೇ:
ಪುಸ್ತಕ ಮುಚ್ಚು. ಐಸು ತಾ.

ಸ್ಕೂಟಿಯ ಮುಂದೆ ಥರ್ಮಾಕೋಲ್ ಪೆಟ್ಟಿಗೆ ಸಿಕ್ಕಿಸಿಕೊಂಡು
ಬೆಳಿಗ್ಗೆ ಆರಕ್ಕೆ ಬೈತಖೋಲ ಬಂದರಿಗೆ ಹೋದೆ.
ಐಸು ಒಡೆಯುವವನು ಕೇಳಿದ: ಎಷ್ಟು ಬುಟ್ಟಿ ಬಂಗಡೆ?
ಬಂಗಡೆಗಲ್ಲ, ಕಬಡ್ಡಿಗೆ, ಅಂದೆ.
ನಕ್ಕು, ಒಂದು ಸಲಿಕೆ ಹೆಚ್ಚೇ ಸುರಿದ.
ಅಂದಿನಿಂದ ನಮ್ಮ ಕಾಲೇಜಿನ
ಉಳುಕಿದ ಪಾದಗಳಿಗೆಲ್ಲ ತುಸು ಮೀನಿನ ವಾಸನೆ.

ಟೇಪು ಸುತ್ತಲು ಕಲಿತದ್ದು ಮೇಜಿನ ಕಾಲಿಗೆ,
ಆಮೇಲೆ ತಮ್ಮನ ಕಾಲಿಗೆ
(ಸಲಕ್ಕೆ ಹತ್ತು ರೂಪಾಯಿ ಕೇಳಿದ, ಕಳ್ಳ),
ಕೊನೆಗೆ ನನ್ನದೇ ಎಡಗಾಲಿಗೆ.
ಮೊದಲ ಪಟ್ಟಿಯ ಹೆಸರು ಆ್ಯಂಕರ್.
ಅಪ್ಪನಿಗೆ ಹೇಳಿದರೆ, ಲಂಗರೋ?
ಹಾಗಾದರೆ ಹಗ್ಗ ತುಸು ಸಡಿಲ ಬಿಡು ತಂಗಿ,
ಬಿಗಿದು ಕಟ್ಟಿದ ದೋಣಿ ಭರತ ಬಂದರೆ ಮುಳುಗ್ತದೆ.
ಸರ್ ಹೇಳಿದ್ದೂ ಅದೇ, ಬೇರೆ ಮಾತಲ್ಲಿ:
ಕಾಲ್ಬೆರಳಿನ ಉಗುರು ಒತ್ತಿ ಬಿಡು,
ಕೆಂಪು ತಿರುಗಿ ಬರಲು ತಡಮಾಡಿದರೆ ಬಿಚ್ಚು.

ಪುಸ್ತಕದ ಹಿಮ್ಮಡಿ ಬೆವರುವುದಿಲ್ಲ.
ಪುಸ್ತಕದ ಮೊಣಕಾಲು
ಅಯ್ಯೋ ಮಾರಾಯ್ತಿ ಮೆಲ್ಲಗೆ ಎನ್ನುವುದಿಲ್ಲ.
ಅಮ್ಮ ಮೀನಿನ ಬೆನ್ನಿಗೆ ಹೆಬ್ಬೆಟ್ಟೊತ್ತಿ,
ಬಿದ್ದ ಗುಳಿ ಮೇಲೇಳುವುದನ್ನು ನೋಡಿ,
ಇಂದಿನದೋ ಮೊನ್ನೆಯದೋ ಹೇಳುತ್ತಾಳೆ.
ಬಾವಿನ ಮೇಲೆ ನನ್ನ ಹೆಬ್ಬೆಟ್ಟು
ಇನ್ನೂ ಊಹಿಸುತ್ತಿತ್ತು.

ಮಾಲಾದೇವಿ ಮೈದಾನ, ಸೆಮಿಫೈನಲ್,
ಉಳಿದಿದ್ದು ನಾಲ್ಕು ನಿಮಿಷ.
ಹಳಿಯಾಳದ ಬಸ್ತ್ಯಾಂವ ಸಿದ್ದಿ, ನಮ್ಮ ರೈಡರ್,
ಮೂವರ ಕೆಳಗಿನಿಂದ ಎದ್ದ; ಕಾಲು ಏಳಲಿಲ್ಲ.
ಹೊರಗಂಟಿನ ಹಿಂಬದಿಗೆ, ಎಲುಬಿನ ಮೇಲೇ ಒತ್ತಿದೆ.
ಬಾಯಿ ಏನೂ ಹೇಳಲಿಲ್ಲ.
ಅಂಗೈಯ ಮಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡ.
ಟೇಪ್ ಹಾಕು ಅಕ್ಕಾ. ನಾಲ್ಕೇ ನಿಮಿಷ.
ಇಡೀ ಮೈದಾನ ಅದನ್ನೇ ಕೂಗುತ್ತಿತ್ತು.
ಸರ್ ಕೈ ಬೆನ್ನ ಹಿಂದೆ ಕಟ್ಟಿಕೊಂಡು
ನನ್ನನ್ನು ನೋಡುತ್ತ ನಿಂತಿದ್ದರು, ಕಾಲನ್ನಲ್ಲ.

ಟೇಪಿನ ಸುರುಳಿಯನ್ನು ಜೇಬಿಗೆ ಹಾಕಿಕೊಂಡೆ.
ಆಗಲ್ಲ, ಅಂದೆ. ನನಗೇ ಕೇಳಿಸಲಿಲ್ಲ.
ಇನ್ನೊಮ್ಮೆ ಅಂದೆ.

ಎರಡು ಅಂಕದಿಂದ ಸೋತೆವು.
ರಾತ್ರಿ ಜಿಲ್ಲಾಸ್ಪತ್ರೆಯ ಎಕ್ಸರೇ ಹಿಡಿದು
ಬೆಳಕಿಗೆ ಎತ್ತಿ, ತಿರುಗಿಸಿ, ಮತ್ತೆ ಎತ್ತಿ ನೋಡಿದೆ:
ಎಲುಬು ಸರಿಯಿತ್ತು. ಕೂದಲೆಳೆಯ ಬಿರುಕೂ ಇಲ್ಲ.
ಬಸ್ತ್ಯಾಂವ ಗೋಡೆ ಕಡೆ ಮುಖ ಮಾಡಿ ಮಲಗಿದ್ದ.
ಸರ್ ಬೈಯಲಿಲ್ಲ, ಬೆನ್ನು ತಟ್ಟಲೂ ಇಲ್ಲ.
ನಾಳೆ ಐಸು ಜಾಸ್ತಿ ತಾ, ಅಂದರು.

ಕೆಲಸ ಮಾಡಿದ ತಾಸುಗಳನ್ನು
ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಸಹಿ ಬೇಕು.
ಆ ಒಂದು ಮಾತಿಗೆ ಎಷ್ಟು ತಾಸು?
ಮನೆಯಲ್ಲಿ ಕೂತು ಬಹಳ ಹೊತ್ತು ಯೋಚಿಸಿ
ಖಾಲಿ ಬಿಟ್ಟೆ.

ಸೋಮವಾರ ಅವನೇ ಬಂದ, ಗೋಡೆ ಹಿಡಿದು ಕುಂಟುತ್ತ.
ಮಾತಿಲ್ಲ. ಸ್ಟೂಲಿನ ಮೇಲೆ ಕಾಲು ಚಾಚಿದ.
ಚೀಲ ಇಟ್ಟೆ, ಸುತ್ತಿದೆ, ಉಗುರು ಒತ್ತಿ ಬಿಟ್ಟೆ.
ಕೆಂಪು ಬಂತು.
ಅವನು ಬಗ್ಗಿ, ಐಸು ಮೂಸಿ, ಮುಖ ಸಿಂಡರಿಸಿ ಕೇಳಿದ:
ಇವತ್ತು ಸಿಗಡಿಯಾ?