ಹದಿನೈದು ಮೀಟರು

ಬಿಲ್ಲು ತೋರಿಸಿ ಎಂದೆ.
ಧರಣೇಂದ್ರಯ್ಯನವರು ಪರ್ಸಿನ ಒಳಪದರದಿಂದ
ಜೋಪಾನವಾಗಿ ತೆಗೆದು ಬಿಡಿಸಿದರು:
ಬಿಳೀ ಕಾಗದ.
ಹನ್ನೊಂದೇ ತಿಂಗಳಿಗೆ ಅಕ್ಷರವೆಲ್ಲ ಆರಿಹೋಗಿ
ಅಂಗಡಿ ಹೆಸರಿನ ಬಾಲವೊಂದು
ಮಬ್ಬಾಗಿ ಉಳಿದಿತ್ತು.
ವಾರಂಟಿಗೆ ಮೂರು ವರ್ಷ,
ಅದನ್ನು ಬರೆದ ಮಸಿಗೆ ಅಷ್ಟು ಆಯಸ್ಸಿಲ್ಲ.

"ನಮ್ಮಲ್ಲಿ ಹಿಂಗಿಲ್ಲ ಇಂದ್ರೇಶ.
ಕಟ್ಟಿನಕೆರೆ ಮಾರ್ಕೆಟ್ಟಲ್ಲಿ ನಮ್ಮಪ್ಪ ಮಾರಿದ ಕೊಳಗ
ಈಗಲೂ ಬೆಸುಗೆಗೆ ಬರ್ತದೆ.
ಬಿಲ್ಲು ಯಾರು ತರ್ತಾರೆ? ತಳ ತಿರುಗಿಸಿ ಓದ್ತೀವಿ.
ಹೆಸರು, ತಾರೀಕು, ಎಲ್ಲಾ ಅಲ್ಲೇ."

ತೊಂದರೆ ಇಷ್ಟು.
ಹೇಮಾವತಿ ನಗರ, ಮಹಡಿಯ ಮೇಲೆ ಕಿಟಕಿ ಮುಚ್ಚಿದ ಕೋಣೆ,
ಸೂರಿಗೆ ಪ್ರೊಜೆಕ್ಟರು, ಮೂಲೆಯ ಬೀರುವಿನಲ್ಲಿ ಪೆಟ್ಟಿಗೆ,
ನಡುವೆ ಗೋಡೆಯ ಹೊಟ್ಟೆಯಲ್ಲಿ ಹದಿನೈದು ಮೀಟರು ಎಚ್‌ಡಿಎಂಐ.
ಕೆಳಗೆ ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೆ ಸಾಕು,
ಮೇಲೆ ನಾಯಕನ ಮುಖದ ತುಂಬ
ಸಾಸಿವೆ ಸಿಡಿದ ಹಾಗೆ ಚುಕ್ಕಿ.
ಆಮೇಲೆ ಕಪ್ಪು.
ಚಟ್ನಿ ಮುಗಿಯುವವರೆಗೂ ಕಪ್ಪು.

ನಾನು ಈ ಕಸುಬು ಕಲಿತದ್ದು ಸಂತೇಪೇಟೆಯ ಹೆಂಚುಗಳ ಮೇಲೆ,
ಆಂಟೆನಾ ತಬ್ಬಿಕೊಂಡು.
"ಬಂತಾ?" ಅಂತ ಮೇಲಿಂದ,
"ಬಂತು ಬಂತು... ಹೋಯ್ತು" ಅಂತ ಕೆಳಗಿಂದ ಇಡೀ ಬೀದಿ.
ಆಗಿನ ಚಿತ್ರ ಸೋತರೂ ನೆರಳಾಗಿ ನಿಲ್ಲುತ್ತಿತ್ತು,
ಒಬ್ಬಳ ಪಕ್ಕ ಅವಳದೇ ಮಸುಕು ತಂಗಿ.
ಈಗಿನದಕ್ಕೆ ಕುಂಟಲು ಬರುವುದಿಲ್ಲ.
ನಡೆಯುತ್ತದೆ, ಇಲ್ಲವೇ ಬೀಳುತ್ತದೆ.

ಪೆಟ್ಟಿಗೆಯನ್ನೇ ಸ್ಟೂಲಿನ ಮೇಲೆ ಎತ್ತಿಟ್ಟು
ಗಿಡ್ಡ ಕೇಬಲ್ಲಿನಲ್ಲಿ ಕೊಟ್ಟೆ.
ಮಿಕ್ಸಿ ಹಾಕಿಸಿದೆ. ಚಿತ್ರ ಮಿಸುಕಲಿಲ್ಲ.
ಎರಡು ಮೀಟರಿನಲ್ಲಿ ಎಲ್ಲರೂ ಸತ್ಯವಂತರು.
ಪೆಟ್ಟಿಗೆ ಸರಿ, ಪ್ರೊಜೆಕ್ಟರು ಸರಿ,
ಸುಳ್ಳು ಇರುವುದು ಗೋಡೆಯೊಳಗೆ.

ಕಂಪನಿಗೆ ಫೋನು. ಕನ್ನಡಕ್ಕೆ ಮೂರು ಒತ್ತಿದೆ, ಹಿಂದಿ ಬಂತು.
ಹಾಸನ ಅಂದರೆ ಯಾವ ಮೈಸೂರು ಅಂದಳು.
ಸೀರಿಯಲ್ ನಂಬರು ಬೇಕಂತೆ.
ಅದು ಕೇಬಲ್ಲಿನ ಮೈಮೇಲೆ ಅಚ್ಚಾಗಿದೆ,
ಮೈ ಗೋಡೆಯೊಳಗಿದೆ.
ಎಳೆದು ಓದಲೇ ಎಂದೆ.
ಎಳೆದರೆ ವಾರಂಟಿ ಇಲ್ಲ ಎಂದಳು, ತುಂಬಾ ಮರ್ಯಾದೆಯಿಂದ.

ಎಳೆದೆವು.
ಆ ತುದಿಯಲ್ಲಿ ಹುಡುಗ ಅಪ್ಸರ್, ಈ ತುದಿಯಲ್ಲಿ ನಾನು,
ಪೈಪಿನ ಬಾಯಿಂದ ಸುಣ್ಣ, ಒಂದು ಸತ್ತ ಜಿರಳೆ,
ಒಂಬತ್ತನೇ ಮೀಟರಿಗೆ
ಮಡಿಚಿ ಮುರಿದ ಮೊಣಕೈ.
ಅದರ ಮೇಲೆ ಹಳದಿ ಟೇಪು, ಮೂರು ಸುತ್ತು.

ಹಳದಿ ಟೇಪು ಈ ಊರಿನಲ್ಲಿ ನಾನೊಬ್ಬನೇ ಸುತ್ತುವುದು.

ನೆನಪಾಯಿತು. ಗೃಹಪ್ರವೇಶದ ಹಿಂದಿನ ರಾತ್ರಿ,
ಗಾರೆಯವನು ಕರಣೆ ಹಿಡಿದು ಅವಸರ ಮಾಡುತ್ತಿದ್ದ,
ತಿರುವಿನಲ್ಲಿ ಬಗ್ಗದೆ ನಿಂತದ್ದನ್ನು
ಹೆಬ್ಬೆರಳಿನಿಂದ ಒತ್ತಿ ಕೂರಿಸಿದ್ದೆ.

"ಕಂಪನಿ ತಪ್ಪಾ?" ಕೇಳಿದರು ಧರಣೇಂದ್ರಯ್ಯ.
ಹೌದು ಅಂದರೆ ಮುಗಿಯುತ್ತಿತ್ತು.
ಕಂಪನಿಯ ಮುಖ ಯಾರು ಕಂಡಿದ್ದಾರೆ?
ಅಪ್ಸರ್ ಸುಣ್ಣ ಒರೆಸುವುದನ್ನು ನಿಲ್ಲಿಸಿದ.
"ನಂದು" ಅಂದೆ.
ಅವರು ಆ ಮೊಣಕೈಯನ್ನು
ಗ್ರಾಹಕ ತಂದ ಸೊಟ್ಟ ತಂಬಿಗೆಯಂತೆ
ತಿರುಗಿಸಿ ತಿರುಗಿಸಿ ನೋಡಿದರು. ಏನೂ ಅನ್ನಲಿಲ್ಲ.

ಶುಕ್ರವಾರ ಹೊಸದು ಹಾಕಿದೆ, ನನ್ನ ಖರ್ಚಿನಲ್ಲಿ,
ಗಾಜಿನೆಳೆಯದು, ತಿರುವುಗಳಲ್ಲಿ ಅಗಲವಾದ ಬಳಸು.
ಅವರು ಅಂಗಡಿಯಿಂದ ಕೊರೆಯುವ ಮಿಷನ್ನು ತಂದಿದ್ದರು,
ಜೊತೆಗೊಂದು ಚಿಕ್ಕ ಸ್ಟೀಲ್ ತಟ್ಟೆ.
ಅದೇ ಕೋಣೆಯ ಪ್ಲಗ್ಗಿಗೆ ಸಿಕ್ಕಿಸಿ
ಮಂಡಿಯ ಮೇಲಿಟ್ಟು ಶುರು ಮಾಡಿದರು:
ಹದಿನೈದು ಮೀಟರು. ಇಂದ್ರೇಶ ಹಾಕಿದ್ದು.
ಮಿಷನ್ನು ಕಣಜದಂತೆ ಕಿರುಚುತ್ತಿತ್ತು,
ಮಿಕ್ಸಿಗಿಂತ ಹಾಳು ಮೋಟರು ಅದು.

ನನ್ನ ಹೆಸರು ಹೇಗೆ ಬಂತೆಂದು ನಾನು ನೋಡಲಿಲ್ಲ.
ಪರದೆಯನ್ನೇ ನೋಡುತ್ತಿದ್ದೆ.
ಬೀರುವಿನ ಹಿಂದಿನಿಂದ ಅಪ್ಸರ್ ಕೂಗಿದ,
"ಐತಾ ಅಣ್ಣಾ?"
"ಐತೆ" ಅಂದೆ. "ಇನ್ನೂ ಐತೆ."