ಹ್ಞೂಂ ಎಂಬುದರ ತ್ರಿಕೋನ

ಡೆನಿಜ್ಲಿಯಲ್ಲಿ ಬೆಳಗಿನ ಏಳು ಗಂಟೆ.
ಟವೆಲ್ ಗಿರಣಿಯ ರಾತ್ರಿ ಪಾಳಿ ಮುಗಿದು
ಮಗ್ಗದ ಸದ್ದು ಕಿವಿಯಿಂದ ಇಳಿಯುವ ಮೊದಲೇ
ಖರೀದಿ ವಿಭಾಗದ ಬೆಹಿಯೆ ನನ್ನ ಮುಂದಿಟ್ಟರು
ನಡು ಸಣ್ಣದಾದ ಗಾಜಿನ ಲೋಟದಲ್ಲಿ ಚಹಾ,
ಪಕ್ಕದಲ್ಲಿ ನಾಲ್ಕು ಕಡತ.
"ಬಣ್ಣ ಯಾರಿಂದ ಕೊಳ್ಳೋಣ? ನಿನ್ನ ಲೆಕ್ಕ ಹೇಳಲಿ."

ನಾಲ್ವರು ವ್ಯಾಪಾರಿಗಳು. ಆರು ಮಾನದಂಡ:
ಬೆಲೆ, ಬಣ್ಣದ ಬಾಳಿಕೆ, ನೀರಿಗೆ ಬಿಡುವ ಉಪ್ಪು,
ಹೊಗೆ, ಲಾರಿ ಸವೆಸುವ ದಾರಿ,
ಕೊನೆಯದಕ್ಕೆ ಹೆಸರಿಡಲು ಎಲ್ಲರೂ ತಡವರಿಸಿದರು.
"ಕೊಟ್ಟ ಮಾತು" ಎಂದು ಬರೆದುಕೊಂಡೆ.

ನನ್ನ ವಿದ್ಯೆಗೆ ಒಂದು ಸೌಜನ್ಯವಿದೆ:
ಯಾರನ್ನೂ ಅದು "ಎಷ್ಟು?" ಎಂದು ಗದರಿಸುವುದಿಲ್ಲ.
"ಚೆನ್ನಾಗಿದೆ" ಅಂದರೆ ಐದೂ ಇರಬಹುದು, ಒಂಬತ್ತೂ;
ಏಳರ ಹತ್ತಿರ ಗಟ್ಟಿ, ಅಂಚಿಗೆ ಹೋದಂತೆ ತೆಳು.
"ಪರವಾಗಿಲ್ಲ" ಮೂರರಿಂದ ಏಳರವರೆಗೆ
ಕಾಲು ಚಾಚಿ ಕೂರುತ್ತದೆ.
ನಡುವಿನ ಜಮೀನಿಗೆ ಇಬ್ಬರೂ ಒಡೆಯರು, ಜಗಳವಿಲ್ಲ.
ಅಡ್ಡಗೋಡೆಯ ಮೇಲೆ ದೀಪವಿಟ್ಟವರನ್ನು
ಜಗತ್ತು ಬೈಯುತ್ತದೆ; ನಾವು
ಗೋಡೆಯ ಎರಡೂ ಕಡೆ ಬಿದ್ದ ಬೆಳಕನ್ನು ಅಳೆಯುತ್ತೇವೆ.

ಫೆರ್ಹುಂದೆ, ಹಣಕಾಸಿನವಳು: "ಬೆಲೆ ಅತಿ ಮುಖ್ಯ."
ಹೇಳಿ ನಕ್ಕಳು. ನಗುವಿಗೆ ಅಂಕವಿಲ್ಲ.
ಪ್ರಯೋಗಾಲಯದ ಓರ್ಚುನ್ "ನೀರು" ಎಂದು
ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.
ತಗ್ಗಿದ ದನಿಗೂ ಇಲ್ಲ.

ಬಣ್ಣದ ಉಸ್ತಾದ್ ರುಕ್ನೆತ್ತಿನ್,
ನಲವತ್ತೊಂದು ವರ್ಷ ತೊಟ್ಟಿಯ ಹಬೆಯಲ್ಲಿ ಬೆಂದವರು,
ಉಗುರಿನ ಬುಡದಲ್ಲಿ ಯಾವುದೋ ದಶಕದ ನೀಲಿ.
ಮೊದಲನೆಯವನ ಬಗ್ಗೆ ಕೇಳಿದೆ:
ಹನ್ನೊಂದು ಪ್ರಮಾಣಪತ್ರ, ಹೊಳೆಯುವ ಮೊಹರು.
"ಹ್ಞೂಂ."
ಮೂರನೆಯವನು: ಬುಲ್ದಾನಿನ ದಿಬ್ಬದಲ್ಲೊಂದು ಶೆಡ್ಡು,
ಅಕ್ರೋಟಿನ ಸಿಪ್ಪೆ, ಮಂಜಿಷ್ಠದ ಬೇರು,
ಕಾಗದ ಒಂದೂ ಇಲ್ಲ.
"ಹ್ಞೂಂ."
ಅದೇ ಅಕ್ಷರ. ಅದೇ ಹ್ಞೂಂ ಅಲ್ಲ.
ಒಂದು, ಬಾಗಿಲು ಮುಚ್ಚಿದ್ದು;
ಇನ್ನೊಂದು, ಯಾರೋ ಬಂದರೆಂದು ಕುರ್ಚಿ ಸರಿಸಿದ್ದು.
ಎರಡಕ್ಕೂ ಅಗಲವಾದ ತ್ರಿಕೋನವನ್ನೇ ಬರೆದೆ, ಹೇಡಿಯಂತೆ.

ರಾತ್ರಿ ಲೆಕ್ಕ ಓಡಿಸಿದೆ.
ಮೊದಲು ಒಬ್ಬ ಇಲ್ಲದವನನ್ನು ಕಲ್ಪಿಸಬೇಕು,
ಎಲ್ಲದರಲ್ಲೂ ಎಲ್ಲರಿಗಿಂತ ಮೇಲು.
ಎದುರಿಗೆ ಎಲ್ಲದರಲ್ಲೂ ಕೀಳಾದವನು. ಅವನೂ ಇಲ್ಲ.
ಈ ಇಬ್ಬರು ಇಲ್ಲದವರ ನಡುವೆ
ಇರುವ ನಾಲ್ವರನ್ನು ನಿಲ್ಲಿಸಿ ದೂರ ಅಳೆಯುವುದು:
ಅವನಿಗೆಷ್ಟು ಹತ್ತಿರ, ಇವನಿಂದೆಷ್ಟು ಆಚೆ.
ನನ್ನಜ್ಜಿ ಹಾಸೆನೆ ಮೂವರು ಅಳಿಯಂದಿರನ್ನು
ಆರಿಸಿದ್ದೂ ಹೀಗೇ, ಕಂಪ್ಯೂಟರಿಲ್ಲದೆ.
ಒಬ್ಬ ಮಾತ್ರ ಕೆಟ್ಟ.

ಮೊದಲನೆಯವನು: ಸೊನ್ನೆ ಬಿಂದು ಐದು ಎಂಟು ಒಂದು.
ಮೂರನೆಯವನು: ಸೊನ್ನೆ ಬಿಂದು ಐದು ಏಳು ಏಳು.
ಗುಲಗಂಜಿಯಷ್ಟೂ ಇಲ್ಲ.
ನೀರಿನ ತೂಕವನ್ನು ಕೂದಲೆಳೆ ಏರಿಸಿದರೆ ಸಾಲು ಅದಲುಬದಲು.
ಒಂದು ಹ್ಞೂಂನ ಮೂಲೆಯನ್ನು ಬಲಕ್ಕೆಳೆದರೂ ಸಾಕು.
ಬೆರಳು ಕೀಲಿಯ ಮೇಲೇ ಇತ್ತು.
ಎಷ್ಟು ಹೊತ್ತು ಎಂದು ಕೇಳಬೇಡಿ. ಸುಮಾರು ಹೊತ್ತು.

ಬೆಳಕು ಹರಿದಾಗ ಗಿರಣಿಯ ಹಿಂದಿನ ಕಾಲುವೆಗೆ ಹೋದೆ.
ಅದು ಮೆಂದೆರೆಸ್ ನದಿ ಸೇರಿ, ಹೊಲಕ್ಕೆ ನುಗ್ಗಿ,
ಹತ್ತಿಯಾಗಿ, ಮೂಟೆಗಳಲ್ಲಿ
ನಮ್ಮ ಗೇಟಿಗೇ ವಾಪಸು ಬರುತ್ತದೆ.
ರುಕ್ನೆತ್ತಿನ್ ಅಲ್ಲಿದ್ದರು;
ಬಿಳಿ ಟವೆಲಿನ ತುದಿ ಅದ್ದಿ, ಹಿಂಡಿ, ನೋಡುತ್ತಿದ್ದರು.
"ಇವತ್ತು ಯಾವ ಬಣ್ಣ?"
ತುದಿಯನ್ನು ನನ್ನ ಕಡೆ ಹಿಡಿದರು.
ಬೂದಿ ಅಲ್ಲ. ನೇರಳೆಯೂ ಅಲ್ಲ.

ಅಂಕ ತಿದ್ದಲಿಲ್ಲ. ಮೊದಲನೆಯವನು ಮೊದಲೇ ಉಳಿದ.
ಕೆಳಗೆ ಸೇರಿಸಿದೆ: ನಡುವಿನ ಅಂತರ ನಾಲ್ಕು ಸಾವಿರಾಂಶ;
ನೀರಿಗೆ ಎಷ್ಟು ತೂಕ ಎಂಬುದು ಗಣಿತದ ಪ್ರಶ್ನೆಯಲ್ಲ.
ಆಮೇಲೆ ಆ ಟವೆಲನ್ನು ಒದ್ದೆಯಾಗಿಯೇ
ಮಡಿಸಿ ಕಡತದೊಳಗಿಟ್ಟೆ.

ಪುಟ ತಿರುಗಿಸುತ್ತ ಬಂದ ಬೆಹಿಯೆ ಅಲ್ಲಿ ನಿಂತರು.
ಕಾಗದ ಹೀರಿಕೊಂಡಿತ್ತು; ಅಂಕಿಗಳ ಅಂಚು ಕದಡಿತ್ತು.
ಹೆಬ್ಬೆರಳನ್ನು ಒದ್ದೆಗೊತ್ತಿ ಕಿಟಕಿಯ ಬೆಳಕಿಗೆ ಹಿಡಿದರು.
"ಬುಲ್ದಾನ್ ಇಲ್ಲಿಂದ ಎಷ್ಟು ಕಿಲೋಮೀಟರು?"

"ಸುಮಾರು ನಲವತ್ತೈದು," ಎಂದೆ.